ಬಿಡುಗಡೆಯಾಗದ ‘ಬ್ಯಾಂಡರ್‌ಸ್ನ್ಯಾಚ್’: ಆ ಗೇಮ್ ಇತ್ತೇ, ಇರಲಿಲ್ಲವೇ?

ಪ್ರಶ್ನೆ: ನೆಟ್‌ಫ್ಲಿಕ್ಸ್‌ನಲ್ಲಿ ‘ಬ್ಲ್ಯಾಕ್ ಮಿರರ್: ಬ್ಯಾಂಡರ್‌ಸ್ನ್ಯಾಚ್’ ನೋಡಿದೆ. ಆ ಹೆಸರಿನ ಗೇಮ್ ಒಂದು 1984ರಲ್ಲಿ ನಿಜಕ್ಕೂ ತಯಾರಾಗುತ್ತಿತ್ತು, ಆದರೆ ಹೊರಬರಲೇ ಇಲ್ಲ ಎಂದು ಆಮೇಲೆ ಓದಿದೆ. ಆ ಗೇಮ್ ಇತ್ತೇ? ಇಷ್ಟು ವರ್ಷಗಳಾದ ಮೇಲೆ ಇಂಥದ್ದನ್ನೆಲ್ಲ ಪತ್ತೆ ಮಾಡುವುದು ಹೇಗೆ? ಇನ್ನೊಂದು ಸಂಗತಿ: ನನ್ನ ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿದ್ದರು. ಅವರು ತಂದ ಸ್ಪೆಕ್ಟ್ರಮ್ ಕಂಪ್ಯೂಟರ್ ಕೆಟ್ಟು ಕೂತಿದೆ, ಕ್ಯಾಸೆಟ್‌ಗಳು ಮಾತ್ರ ಒಂದು ಡಬ್ಬಿ ತುಂಬ ಇವೆ. ಅದರಲ್ಲೊಂದರ ಮೇಲೆ ಪೆನ್ನಿನಲ್ಲಿ ‘ಇಮ್ಯಾಜಿನ್ ಡೆಮೊ’ ಎಂದಷ್ಟೇ ಬರೆದಿದೆ. ಏನು ಮಾಡಲಿ?
– ಧಾರವಾಡದ ಓದುಗರೊಬ್ಬರು

ಉತ್ತರ: ಕ್ಯಾಸೆಟ್ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಅದನ್ನು ಯಾವ ಪ್ಲೇಯರ್‌ಗೂ ಹಾಕಬೇಡಿ.

‘ಆ ಗೇಮ್ ಇತ್ತೇ’ ಎಂದು ಕೇಳಿದ್ದೀರಿ. ಈ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಗೇಮ್ ಬರುತ್ತದೆಂದು ಕಂಪನಿ ಸಾರಿತ್ತೇ? ಅದರ ವಿನ್ಯಾಸ ಕಾಗದದ ಮೇಲಾದರೂ ಆಗಿತ್ತೇ? ಕೋಡ್ ಬರೆದಿದ್ದರೇ? ಕೂತು ಆಡುವಷ್ಟು ಸಿದ್ಧವಾಗಿತ್ತೇ? ಇವನ್ನು ಬಿಡಿಸಿ ನೋಡದೆ ಹೋದರೆ, ಒಂದು ಜಾಹೀರಾತು ಕಂಡ ತಕ್ಷಣ ‘ಕಳೆದುಹೋದ ಮಹಾಕೃತಿ’ ಎಂಬ ಕಥೆ ಹುಟ್ಟಿಬಿಡುತ್ತದೆ. ಬ್ಯಾಂಡರ್‌ಸ್ನ್ಯಾಚ್ ಸುತ್ತ ಆಗಿರುವುದು ಇದೇ. ಮೊದಲ ಪ್ರಶ್ನೆಗೆ ಉತ್ತರ ‘ಹೌದು’, ಜೋರು ಗಂಟಲಿನ ಹೌದು. ಕೊನೆಯದಕ್ಕೆ ‘ಇಲ್ಲ’. ನಡುವಿನ ಎರಡರಲ್ಲೇ ಕೆಲಸವಿರುವುದು.

ಹಿನ್ನೆಲೆ ಇಷ್ಟು. ಬಗ್-ಬೈಟ್ ಎಂಬ ಗೇಮ್ ಕಂಪನಿಯಲ್ಲಿದ್ದ ಮಾರ್ಕ್ ಬಟ್ಲರ್ ಮತ್ತು ಡೇವಿಡ್ ಲಾಸನ್ 1982ರಲ್ಲಿ ಲಿವರ್‌ಪೂಲ್‌ನಲ್ಲಿ ಇಮ್ಯಾಜಿನ್ ಸಾಫ್ಟ್‌ವೇರ್ ಕಟ್ಟಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬಂದಿತ್ತು. 16ಕೆ (16 ಕಿಲೋಬೈಟ್ ಮೆಮೊರಿಯ) ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175 ಪೌಂಡ್. ಮಧ್ಯಮ ವರ್ಗದ ಮನೆಗಳಿಗೆ ಕಂಪ್ಯೂಟರ್ ನುಗ್ಗಿದ ಕಾಲ ಅದು. ಗೇಮ್‌ಗಳು ಬರುತ್ತಿದ್ದದ್ದು ಹಾಡು ಕೇಳುವಂಥ ಮಾಮೂಲಿ ಕ್ಯಾಸೆಟ್‌ಗಳಲ್ಲಿ. ‘ಆರ್ಕೇಡಿಯಾ’ ಎಂಬ ಮೊದಲ ಗೇಮ್‌ನಿಂದಲೇ ಇಮ್ಯಾಜಿನ್ ದುಡ್ಡು ಕಂಡಿತು. ಪ್ರಚಾರದಲ್ಲಿ ಕಂಪನಿಯ ಬ್ರೂಸ್ ಎವರಿಸ್ ಪಳಗಿದ ಕೈ. ಕಂಪನಿಯ ದುಬಾರಿ ಕಾರುಗಳ ಬಗ್ಗೆ, ಇನ್ನೂ ಹದಿಹರೆಯದಲ್ಲಿದ್ದ ಯೂಜಿನ್ ಎವಾನ್ಸ್ ಎಂಬ ಪ್ರೋಗ್ರಾಮರ್‌ನ ವರ್ಷಕ್ಕೆ 35,000 ಪೌಂಡ್ ಸಂಬಳದ ಬಗ್ಗೆ ಪತ್ರಿಕೆಗಳು ಬರೆದವು. ಆ ಸಂಬಳದ ಸುದ್ದಿಯನ್ನು ನಾನು ಪ್ರಚಾರದ ಪುರಾವೆ ಎಂದಷ್ಟೇ ಲೆಕ್ಕಕ್ಕಿಡುತ್ತೇನೆ. ಪ್ರಚಾರದಲ್ಲೇ ಬದುಕಿದ ಕಂಪನಿಯೊಂದರ ಗೇಮ್ ಹುಡುಕುವಾಗ ಇಂಥ ಜಾಗ್ರತೆ ಬೇಕೇ ಬೇಕು.

1984ರಲ್ಲಿ ಇಮ್ಯಾಜಿನ್ ‘ಮೆಗಾಗೇಮ್’ ಎಂಬ ಹೊಸ ಜಾತಿಯ ಎರಡು ಗೇಮ್‌ಗಳನ್ನು ಸಾರಿತು. ಸ್ಪೆಕ್ಟ್ರಮ್‌ಗೆ ಬ್ಯಾಂಡರ್‌ಸ್ನ್ಯಾಚ್, ಕಮೊಡೋರ್ 64 ಎಂಬ ಇನ್ನೊಂದು ಮನೆ ಕಂಪ್ಯೂಟರಿಗೆ ಸೈಕ್ಲ್ಯಾಪ್ಸ್. ಇಮ್ಯಾಜಿನ್‌ನ ಮಾಮೂಲಿ ಗೇಮ್ ಐದೂವರೆ ಪೌಂಡಿಗೆ ಸಿಗುತ್ತಿತ್ತು. ಇವಕ್ಕೆ ಸುಮಾರು 40 ಪೌಂಡ್. ಬೆಲೆ ಹೆಚ್ಚಾಗಲು ಕಾರಣವೂ ಇತ್ತು. ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಒಂದು ಹಾರ್ಡ್‌ವೇರ್ ತುಣುಕು ಗೇಮ್ ಜೊತೆ ಬರಬೇಕಿತ್ತು. ಸ್ಪೆಕ್ಟ್ರಮ್‌ನ 48ಕೆಯಲ್ಲಿ ಪರದೆಗೇ 6,912 ಬೈಟ್ ಹೋಗುತ್ತದೆ, ಉಳಿಯುವುದು ಸುಮಾರು 41ಕೆ. ಆ ತುಣುಕು ಹೆಚ್ಚುವರಿ ಮೆಮೊರಿ ಕೊಡಬೇಕಿತ್ತು, ಜೊತೆಗೆ ಕ್ಯಾಸೆಟ್ ನಕಲು ಮಾಡುವವರನ್ನೂ ತಡೆಯಬೇಕಿತ್ತು. ರಾಕ್ ಆಲ್ಬಮ್‌ಗಳ ಹೊದಿಕೆಯಿಂದ ಹೆಸರಾದ ಕಲಾವಿದ ರೋಜರ್ ಡೀನ್ ಅವರಿಗೆ ಪೆಟ್ಟಿಗೆಯ ಚಿತ್ರದ ಕೆಲಸ ಕೊಟ್ಟಿದ್ದರು.

ಆ ಜಾಹೀರಾತುಗಳ ಸ್ಕ್ಯಾನ್‌ಗಳು ಇಂಟರ್‌ನೆಟ್ ಆರ್ಕೈವ್‌ನ ಹಳೆಯ ಪತ್ರಿಕೆಗಳ ರಾಶಿಯಲ್ಲಿವೆ. ತೆಗೆದು ನೋಡಿ. ಪ್ರೋಗ್ರಾಮರ್‌ಗಳ ಫೋಟೊ ಇದೆ. ಗೇಮ್‌ನ ಪರದೆ ಎಲ್ಲಿ? ಇಲ್ಲ. ನನ್ನ ಮಟ್ಟಿಗೆ ಇದು ಮೊದಲ ಗಟ್ಟಿ ಸುಳಿವು. ಆ ಕಾಲದ ಪತ್ರಿಕೆಗಳಲ್ಲಿ ಐದು ಪೌಂಡಿನ ಗೇಮ್ ಮಾರುವವರೂ ಒಂದೆರಡು ಪರದೆಯ ಚಿತ್ರ ಹಾಕುತ್ತಿದ್ದರು. ತೋರಿಸಲು ಏನಾದರೂ ಇದ್ದವರು ತೋರಿಸದೆ ಬಿಡುವುದಿಲ್ಲ. ಇನ್ನೊಂದು ವಿಷಯ ಗಮನದಲ್ಲಿರಲಿ: ಮಾಸಪತ್ರಿಕೆಯ ಜಾಹೀರಾತು ಪುಟವನ್ನು ವಾರಗಟ್ಟಲೆ ಮೊದಲೇ ಕಾಯ್ದಿರಿಸಬೇಕು, ಸಂಚಿಕೆಯ ಮೇಲಿನ ತಿಂಗಳಿಗಿಂತ ಮುಂಚೆಯೇ ಅದು ಅಂಗಡಿಗೆ ಬರುತ್ತದೆ. ಹಾಗಾಗಿ ಜೂನ್ ಸಂಚಿಕೆಯಲ್ಲಿ ‘ಸದ್ಯದಲ್ಲೇ’ ಎಂದಿದ್ದರೆ ಆ ಮಾತು ವಸಂತಕಾಲದ್ದು. ಜೂನ್‌ನಲ್ಲಿ ಪ್ರೋಗ್ರಾಮರ್ ಮೇಜಿನ ಮೇಲೆ ಏನಿತ್ತು ಎಂಬುದನ್ನು ಅದು ಹೇಳುವುದಿಲ್ಲ.

ಎರಡನೆಯ ಪುರಾವೆ ಅಪರೂಪದ್ದು.  ಬಿಬಿಸಿಯ ‘ಕಮರ್ಷಿಯಲ್ ಬ್ರೇಕ್ಸ್’ ಸರಣಿಗಾಗಿ ಪಾಲ್ ಆಂಡರ್ಸನ್ ಅವರ ತಂಡ ಅದೇ ವರ್ಷ ಎರಡು ಗೇಮ್ ಕಂಪನಿಗಳನ್ನು ಚಿತ್ರೀಕರಿಸುತ್ತಿತ್ತು. ಒಂದು ಇಮ್ಯಾಜಿನ್, ಇನ್ನೊಂದು ಮ್ಯಾಂಚೆಸ್ಟರ್‌ನ ಓಷನ್. ಯಶಸ್ಸಿನ ಕಥೆ ಹಿಡಿಯಲು ಬಂದ ಕ್ಯಾಮೆರಾ ಎದುರಿಗೇ ಇಮ್ಯಾಜಿನ್ ಕುಸಿಯಿತು, ಜಪ್ತಿಗೆ ಬಂದವರು ಕಚೇರಿಗೆ ಬೀಗ ಹಾಕಿದರು. ಕಂಪ್ಯೂಟರ್ ಪತ್ರಿಕೆಗಳ ಪ್ರಕಾಶಕರೊಬ್ಬರಿಗೆ ಜಾಹೀರಾತಿನ ಬಾಕಿ ತೀರಿಸಲಾಗದೆ 1984ರ ಜುಲೈ 9ರಂದು ಲಂಡನ್ನಿನ ಹೈಕೋರ್ಟ್‌ನಲ್ಲಿ ಕಂಪನಿ ಮುಚ್ಚಿತು. ನೀವು ನೋಡಿದ ಚಿತ್ರದ ಕಥೆಯೂ ಅದೇ ತಾರೀಖಿನಿಂದ ಶುರುವಾಗುವುದು ಆಕಸ್ಮಿಕವಲ್ಲ. ಸಾಕ್ಷ್ಯಚಿತ್ರ ಪ್ರಸಾರವಾದದ್ದು ಡಿಸೆಂಬರ್‌ನಲ್ಲಿ.

ಸಾಕ್ಷ್ಯಚಿತ್ರವನ್ನು ನೋಡುವ ರೀತಿ ಬೇರೆ. ಮಾತಿಗೆ ಕಿವಿ ಕೊಡುವುದನ್ನು ಬಿಟ್ಟು ಹಿನ್ನೆಲೆಗೆ ಕಣ್ಣು ಕೊಡಬೇಕು. ಮೇಜಿನ ಮೇಲೆ ಯಾವ ಯಂತ್ರವಿದೆ, ಗೋಡೆಗೆ ಏನು ಅಂಟಿಸಿದ್ದಾರೆ, ಮಾನಿಟರ್‌ನಲ್ಲಿ ಓಡುತ್ತಿರುವುದು ಗೇಮೋ ಅಥವಾ ಬರೇ ಚಿತ್ರವೋ. ಒಂದೊಂದು ಫ್ರೇಮ್ ನಿಲ್ಲಿಸಿ ನೋಡಿದಾಗ ಕೆಲಸದ ವಾತಾವರಣ ಧಾರಾಳವಾಗಿ ಕಾಣುತ್ತದೆ. ಯಾರಾದರೂ ಕೂತು ಬ್ಯಾಂಡರ್‌ಸ್ನ್ಯಾಚ್ ಆಡುವ ದೃಶ್ಯ ಮಾತ್ರ ಇಲ್ಲ. ಸೈಕ್ಲ್ಯಾಪ್ಸ್ ಕಾಗದದ ಮೇಲಿನ ಯೋಚನೆಗಿಂತ ಹೆಚ್ಚೇನೂ ಮುಂದೆ ಹೋಗಿರಲಿಲ್ಲ ಎಂದು ಒಳಗಿದ್ದವರೇ ನಂತರ ಹೇಳಿದ್ದಾರೆ.

ಹಾಗಾದರೆ ಕೋಡ್? ಇಲ್ಲಿಯೇ ಯಂತ್ರದ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್, ಯಾವುದೆಂದು ತಿಳಿದಿದ್ದರೆ ದಾರಿ ತೆರೆಯುತ್ತದೆ. ಬಹಳ ಜನ ಹುಡುಕಾಟಗಾರರು ಇದನ್ನು ಹಾರಿಸಿಬಿಡುತ್ತಾರೆ.

ಕಂಪನಿ ಮುಳುಗುವ ಹೊತ್ತಿಗೆ ಲಾಸನ್ ಮತ್ತು ಹಣಕಾಸು ನೋಡುತ್ತಿದ್ದ ಇಯಾನ್ ಹೆದರಿಂಗ್ಟನ್ ಮೆಗಾಗೇಮ್‌ಗಳ ಹಕ್ಕನ್ನು ಫಿಂಚ್‌ಸ್ಪೀಡ್ ಎಂಬ ಬೇರೊಂದು ಕಂಪನಿಯ ಕಡೆಗೆ ಸಾಗಿಸಿದ್ದರು. ಬ್ಯಾಂಡರ್‌ಸ್ನ್ಯಾಚ್‌ನ ಮುಂದಿನ ಗುರಿ ಸಿಂಕ್ಲೇರ್ ಕ್ಯೂಎಲ್. 1984ರ ಜನವರಿಯಲ್ಲಿ ಸಾರಿದ, 128ಕೆ ಮೆಮೊರಿಯ, ಉದ್ಯಮಿಗಳಿಗೆಂದು ಮಾಡಿದ ಯಂತ್ರ ಅದು. ಸ್ಪೆಕ್ಟ್ರಮ್‌ನೊಳಗಿರುವುದು 3.5 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್, ಕ್ಯೂಎಲ್‌ನಲ್ಲಿರುವುದು ಮೊಟೊರೋಲಾ 68008. ಝಡ್80ಗೆ ಬರೆದ ಅಸೆಂಬ್ಲಿ ಕೋಡ್ (ಆ ಚಿಪ್‌ಗೇ ನೇರವಾಗಿ ಬರೆಯುವ ಆದೇಶಗಳು) 68008ರಲ್ಲಿ ಒಂದು ಸಾಲೂ ಓಡುವುದಿಲ್ಲ. ಅಂದರೆ ಸ್ಪೆಕ್ಟ್ರಮ್‌ಗೆಂದು ಏನೇ ಬರೆದಿದ್ದರೂ ಅದನ್ನು ಬದಿಗಿಟ್ಟು ಹೊಸದಾಗಿ ಬರೆಯಬೇಕಾಯಿತು. ಆದರೆ 68008 ಎಂಬುದು 68000ದ ತಮ್ಮ. ಅಟಾರಿ ಎಸ್‌ಟಿ, ಅಮಿಗಾ, ಆ್ಯಪಲ್ ಮ್ಯಾಕಿಂಟಾಷ್ ಮೂರರ ಒಳಗೂ ಇದ್ದದ್ದು 68000. ಕ್ಯೂಎಲ್‌ಗೆ ಬರೆದದ್ದನ್ನು ಅಲ್ಲಿಗೆ ಒಯ್ಯುವುದು ಕಷ್ಟದ ಕೆಲಸ, ಅಸಾಧ್ಯವೇನಲ್ಲ.

ಕ್ಯೂಎಲ್ ಆವೃತ್ತಿಯೂ ಹೊರಬರಲಿಲ್ಲ. ಆದರೆ ಅದೇ ಇಬ್ಬರು 1984ರಲ್ಲಿ ಜೊನಾಥನ್ ಎಲಿಸ್ ಜೊತೆ ಸೇರಿ ಸಿಗ್ನೋಸಿಸ್ ಕಂಪನಿ ಕಟ್ಟಿದರು. ಮುಂದೆ ‘ಲೆಮಿಂಗ್ಸ್’ ತಂದ, 1993ರಲ್ಲಿ ಸೋನಿ ಕೊಂಡ, ‘ವೈಪ್‌ಔಟ್’ ಮಾಡಿದ ಸಿಗ್ನೋಸಿಸ್ ಇದೇ. ಅವರ ಮೊಟ್ಟಮೊದಲ ಗೇಮ್ ‘ಬ್ರಟಾಕಸ್’ 1986ರ ಹೊತ್ತಿಗೆ ಬಂತು. ಯಾವ ಯಂತ್ರಗಳಿಗೆ? ಎಸ್‌ಟಿ, ಅಮಿಗಾ, ಮ್ಯಾಕಿಂಟಾಷ್. ಮೂರೂ 68000. ಪೆಟ್ಟಿಗೆಯ ಮೇಲೆ ರೋಜರ್ ಡೀನ್ ಚಿತ್ರ. ಬ್ಯಾಂಡರ್‌ಸ್ನ್ಯಾಚ್‌ನ ಬಹುಪಾಲು ಯೋಚನೆ ಬ್ರಟಾಕಸ್‌ಗೆ ಬಂದು ಸೇರಿತೆಂದು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ.

ಹಾಗಾಗಿ ಬ್ಯಾಂಡರ್‌ಸ್ನ್ಯಾಚ್ ಹೇಗಿರುತ್ತಿತ್ತು ಎಂದು ತಿಳಿಯುವ ಆಸೆಯಿದ್ದರೆ ಬ್ರಟಾಕಸ್ ಆಡಿ. ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್‌ನಲ್ಲಿ ಚೆನ್ನಾಗಿ ಓಡುತ್ತದೆ. ಸುಳ್ಳು ಆರೋಪ ಹೊತ್ತ ಕೈನ್ ಎಂಬ ವಿಜ್ಞಾನಿ ಒಂದು ಕ್ಷುದ್ರಗ್ರಹದ ಮೇಲೆ ತಾನು ನಿರಪರಾಧಿ ಎನ್ನಲು ಸಾಕ್ಷಿ ಹುಡುಕುತ್ತಾನೆ. ಪಾತ್ರಗಳ ಮಾತು ಕಾಮಿಕ್ಸ್‌ನಂತೆ ಗುಳ್ಳೆಗಳಲ್ಲಿ ಬರುತ್ತದೆ, ನಾವು ನೋಡದಿರುವಾಗಲೂ ಉಳಿದ ಪಾತ್ರಗಳು ತಮ್ಮ ಪಾಡಿಗೆ ತಾವು ಓಡಾಡುತ್ತಿರುತ್ತವೆ. ಮೌಸ್ ಎಳೆದಾಡಿ ಕತ್ತಿಯುದ್ಧ ಮಾಡುವುದು ಮಾತ್ರ ತಾಳ್ಮೆ ಪರೀಕ್ಷಿಸುವಂಥದ್ದು. ಆಡುತ್ತ ಆಡುತ್ತ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಷ್ಟನ್ನು 48ಕೆ ಸ್ಪೆಕ್ಟ್ರಮ್‌ನಲ್ಲಿ, ಒಂದು ಹೆಚ್ಚುವರಿ ತುಣುಕು ಸಿಕ್ಕಿಸಿದ ಮಾತ್ರಕ್ಕೆ, ಮಾಡಲಾಗುತ್ತಿತ್ತೇ? ನನಗನ್ನಿಸುವುದು ಆ ಯೋಚನೆ ಮೊದಲಿನಿಂದಲೂ ಸ್ಪೆಕ್ಟ್ರಮ್‌ಗೆ ದೊಡ್ಡದಾಗಿತ್ತು ಎಂದು. ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ನನ್ನ ಉತ್ತರ ‘ಹೌದು, ವಿನ್ಯಾಸವಿತ್ತು’. ಮೂರನೆಯದಕ್ಕೆ, ‘ಕೋಡ್ ಇತ್ತು, ಆದರೆ ಅದು ಸ್ಪೆಕ್ಟ್ರಮ್‌ನಲ್ಲಿ ಮುಗಿಯದೆ ಬೇರೆ ಯಂತ್ರದಲ್ಲಿ, ಬೇರೆ ಹೆಸರಿನಲ್ಲಿ ಮುಗಿಯಿತು’.

‘ಇರಲೇ ಇಲ್ಲ’ ಎಂದು ಪುರಾವೆ ಸಮೇತ ತೋರಿಸುವುದೂ ಪತ್ತೆಯೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಗೇಮ್ಸ್ ದಟ್ ವರಂಟ್ ಎಂಬ ಸಂಗ್ರಹವನ್ನು ಕಟ್ಟಿದ ಫ್ರ್ಯಾಂಕ್ ಗ್ಯಾಸ್ಕಿಂಗ್ ದಶಕಗಳಿಂದ ಮಾಡುತ್ತ ಬಂದಿರುವುದು ಇಂಥ ಕೆಲಸವನ್ನೇ. ಕಮೊಡೋರ್ 64ರಿಂದ ಶುರುಮಾಡಿ ಎಷ್ಟೋ ಯಂತ್ರಗಳ ಬಿಡುಗಡೆಯಾಗದ ಗೇಮ್‌ಗಳ ಸುದ್ದಿ, ಚಿತ್ರ, ನೆನಪು, ಸಿಕ್ಕಿದರೆ ಗೇಮನ್ನೇ ಅಲ್ಲಿ ಕಾಪಾಡಿದ್ದಾರೆ. ಜಾಹೀರಾತಿನಲ್ಲಿ ಮಾತ್ರ ಇದ್ದವು ಯಾವುವು, ಅರ್ಧ ಬರೆದವು ಯಾವುವು ಎಂದು ಬೇರ್ಪಡಿಸಿದ ಮೇಲೆಯೇ ಉಳಿದವನ್ನು ಎಲ್ಲಿ ಹುಡುಕಬೇಕೆಂದು ಗೊತ್ತಾಗುವುದು.

ಮನುಷ್ಯರನ್ನು ಕೇಳುವ ಬಗ್ಗೆ ಒಂದು ಮಾತು. ನಲವತ್ತು ವರ್ಷದ ಹಿಂದಿನ ಪ್ರೋಗ್ರಾಮರ್‌ಗೆ ‘ಬ್ಯಾಂಡರ್‌ಸ್ನ್ಯಾಚ್ ಎಷ್ಟು ಮುಗಿದಿತ್ತು’ ಎಂದು ಕೇಳಿದರೆ ಬರುವ ಉತ್ತರದಲ್ಲಿ ಅವರು ಟಿವಿಯಲ್ಲಿ ಕಂಡದ್ದು, ಪತ್ರಿಕೆಯಲ್ಲಿ ಓದಿದ್ದು, ಹಿಂದಿನ ಸಂದರ್ಶಕರಿಗೆ ಹೇಳಿದ್ದು ಎಲ್ಲ ಕಲೆತಿರುತ್ತದೆ. ಸಾಕ್ಷ್ಯಚಿತ್ರವಿರುವ ಕಡೆ ಈ ತೊಂದರೆ ದುಪ್ಪಟ್ಟು. ಅದರ ಬದಲು ಕೈಗೆ ಸಿಗುವಂಥದ್ದನ್ನು ಕೇಳಬೇಕು. ಯಾವ ಯಂತ್ರದಲ್ಲಿ ಅಸೆಂಬ್ಲಿ ಬರೆಯುತ್ತಿದ್ದಿರಿ? ದಿನದ ಕೊನೆಗೆ ಯಾತರಲ್ಲಿ ಉಳಿಸುತ್ತಿದ್ದಿರಿ, ಕ್ಯಾಸೆಟ್ಟೋ, ಮೈಕ್ರೋಡ್ರೈವೋ (ಸಿಂಕ್ಲೇರ್‌ನ ಪುಟ್ಟ ಟೇಪ್ ಡಬ್ಬಿ), ಫ್ಲಾಪಿಯೋ? ಪಕ್ಕದಲ್ಲಿ ಯಾರು ಕೂರುತ್ತಿದ್ದರು? ಗ್ರಾಫಿಕ್ಸ್ ಮಾಡಿದವರು ಚಿತ್ರವನ್ನು ಯಾವ ರೂಪದಲ್ಲಿ ಕೊಡುತ್ತಿದ್ದರು? ಇಂಥ ಪ್ರಶ್ನೆಗೆ ಬರುವ ಉತ್ತರ ಕಡಿಮೆ ಕೆಟ್ಟಿರುತ್ತದೆ, ಅಟ್ಟದ ಮೇಲಿನ ಡಬ್ಬಿ ನೆನಪಾಗುವುದೂ ಇಂಥ ಪ್ರಶ್ನೆಯಿಂದಲೇ. ಹಾಗೆಯೇ, ಒಂದು ಕಂಪನಿ ಮುಳುಗಿದ್ದು ಅಲ್ಲಿ ದುಡಿದವರಿಗೆ ಸಂಬಳ ನಿಂತ, ಕೆಲಸ ಹೋದ ಗಳಿಗೆ ಎಂಬುದನ್ನು ಮರೆಯಬಾರದು. ಹೇಳಲು ಇಷ್ಟವಿಲ್ಲದವರನ್ನು ಅವರ ಪಾಡಿಗೆ ಬಿಡಬೇಕು.

ಈಗ ನಿಮ್ಮ ಕ್ಯಾಸೆಟ್.

ಮೊದಲೇ ಒಂದು ಎಚ್ಚರಿಕೆ. ‘ಇಮ್ಯಾಜಿನ್’ ಎಂದು ಬರೆದದ್ದೆಲ್ಲ ಲಿವರ್‌ಪೂಲ್‌ನ ಇಮ್ಯಾಜಿನ್ ಅಲ್ಲ. ಕಂಪನಿ ಮುಳುಗಿದ ಮೇಲೆ ಆ ಹೆಸರನ್ನು ಕೊಂಡದ್ದು ಪ್ರತಿಸ್ಪರ್ಧಿ ಓಷನ್. ಆರ್ಕೇಡ್ ಯಂತ್ರಗಳ ಗೇಮ್‌ಗಳನ್ನು ಮನೆಯ ಕಂಪ್ಯೂಟರ್‌ಗೆ ತಂದಾಗ ಅವರು ವರ್ಷಗಟ್ಟಲೆ ಅದೇ ಹೆಸರಿನಲ್ಲಿ ಮಾರಿದರು. ನಿಮ್ಮ ದೊಡ್ಡಪ್ಪ 1985ರ ನಂತರ ಕೊಂಡಿದ್ದರೆ ಅದು ಬಹುತೇಕ ಓಷನ್ ಕಾಲದ್ದು. ಸ್ನೇಹಿತರು ಒಬ್ಬರಿಗೊಬ್ಬರು ನಕಲು ಮಾಡಿಕೊಟ್ಟ ಕ್ಯಾಸೆಟ್ ಆಗಿರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಆದರೂ ನೋಡಲೇಬೇಕು. ಪತ್ರಿಕೆಗಳ ಜೊತೆ ಬಂದ, ಅಂಗಡಿಗಳಿಗೆ ಕೊಟ್ಟ ಡೆಮೊಗಳು, ಅಂದರೆ ಗೇಮ್‌ನ ಮಾದರಿ ತುಣುಕುಗಳು, ಮಾರಾಟದ ಗೇಮ್‌ಗಳಿಗಿಂತ ಬೇಗ ಕಾಣೆಯಾಗಿವೆ.

ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬಿಳಿ ಪುಡಿ ಕಂಡರೆ ಬೂಷ್ಟು. ಅಂಥದ್ದನ್ನು ಓಡಿಸಿದರೆ ಟೇಪ್ ಹಾಳು, ಟೇಪ್ ಓದುವ ಪ್ಲೇಯರ್‌ನ ಹೆಡ್ ಕೂಡ ಕೊಳೆ. ಧಾರವಾಡದ ಹವೆ ಪರವಾಗಿಲ್ಲ, ಮಲೆನಾಡಿನ ಅಥವಾ ಕರಾವಳಿಯ ಮನೆಯಲ್ಲಿ ಒಂದೆರಡು ಮಳೆಗಾಲ ಕಳೆದಿದ್ದರೆ ಅನುಮಾನಪಡಿ. ಮೇಲಂಚಿನ ಎರಡು ಪ್ಲಾಸ್ಟಿಕ್ ಚಿಕ್ಕೆಗಳನ್ನು ಮುರಿದುಬಿಡಿ, ಆಗ ತಪ್ಪಿಯೂ ಮೇಲೆ ರೆಕಾರ್ಡ್ ಆಗುವುದಿಲ್ಲ. ಹೆಡ್‌ಗೆ ಒತ್ತಿ ಹಿಡಿಯುವ ಸಣ್ಣ ಪ್ಯಾಡ್ ಕಳಚಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು. ಪ್ಲೇಯರ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಇದ್ದರೆ ಆರಿಸಿ. ಕಂಪ್ಯೂಟರ್‌ಗೆ ತಂತಿ ಜೋಡಿಸಿ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಫೈಲ್ ಆಗಿ ಎರಡೂ ಬದಿಯನ್ನು ಪೂರ್ತಿ ಹಿಡಿಯಿರಿ. ಎಂಪಿ3 ಬೇಡ, ಶಬ್ದ ಶುದ್ಧಿ ಬೇಡ. ಕಿವಿಗೆ ಹಿತವಾಗುವಂತೆ ಅವು ಅಳಿಸುವ ಅಲೆಯ ಚೂಪು ಅಂಚುಗಳೇ ನಮಗೆ ದತ್ತಾಂಶ. ಸದ್ದು ಮಂಕಾಗಿದ್ದರೆ ಹೆಡ್ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಅತಿ ಚುರುಕಾಗಿ ಕೇಳುವ ಕಡೆ ನಿಲ್ಲಿಸಿ.

ಆ ಫೈಲ್ ತೆರೆದರೆ ಸ್ಪೆಕ್ಟ್ರಮ್ ಬರೆದದ್ದನ್ನು ಕಣ್ಣಿನಿಂದಲೇ ಓದಬಹುದು. ಮೊದಲು ಐದು ಸೆಕೆಂಡು ಒಂದೇ ಸ್ವರ. ಅದು ಸುಮಾರು 807 ಹರ್ಟ್ಸ್‌ನ ಪೈಲಟ್, ‘ತಯಾರಾಗು’ ಎಂಬ ಸೂಚನೆ. ಆಮೇಲೆ ಕ್ಷಣ ಕಾಲ ಚಿಟಿಪಿಟಿ. ಆ ಚಿಟಿಪಿಟಿಯಲ್ಲಿ 17 ಬೈಟ್‌ಗಳ ಹೆಡರ್ (ಮುಂದೆ ಬರುವ ಫೈಲಿನ ಪರಿಚಯ ಚೀಟಿ) ಇದೆ, ಅದರಲ್ಲಿ ಹತ್ತು ಬೈಟ್ ಫೈಲಿನ ಹೆಸರು. ಉಳಿದದ್ದು ಅದು ಬೇಸಿಕ್ ಎಂಬ ಸರಳ ಭಾಷೆಯ ಪ್ರೋಗ್ರಾಮೋ ಚಿಪ್ ನೇರ ಓಡಿಸುವ ಮೆಷೀನ್ ಕೋಡೋ, ಎಷ್ಟು ಉದ್ದ, ಯಾವ ಸಾಲಿನಿಂದ ತಾನಾಗಿ ಓಡಬೇಕು ಅಥವಾ ಮೆಮೊರಿಯ ಯಾವ ವಿಳಾಸದಲ್ಲಿ ಕೂರಬೇಕು ಎಂಬ ವಿವರ. ಮತ್ತೆ ಎರಡು ಸೆಕೆಂಡು ಸ್ವರ, ಆಮೇಲೆ ದತ್ತಾಂಶ. ಸೊನ್ನೆಯ ಅಲೆ ಗಿಡ್ಡ, ಒಂದರ ಅಲೆ ಸರಿಯಾಗಿ ಅದರ ಎರಡರಷ್ಟು ಉದ್ದ. ಹೀಗೆ ಒಟ್ಟಿಗೆ ಬರೆದ ಪ್ರತಿ ಬ್ಲಾಕಿನ ಕೊನೆಗೆ ತಾಳೆ ನೋಡಲು ಒಂದು ಬೈಟ್. ಅದು ಸರಿಬಂದರೆ ನಲವತ್ತು ವರ್ಷದ ನಂತರವೂ ಬ್ಲಾಕ್ ಹಾಗೇ ಉಳಿದಿದೆ ಎಂದು ಧೈರ್ಯವಾಗಿ ಹೇಳಬಹುದು. ವಿಳಾಸ 16384, ಉದ್ದ 6,912 ಎಂದಿದ್ದರೆ ಅದು ಪರದೆಯ ಚಿತ್ರ. ಮೊದಲು ಅದನ್ನೇ ತೆರೆಯಿರಿ, ಶೀರ್ಷಿಕೆ ಅಲ್ಲೇ ಇರುತ್ತದೆ.

ಶೀರ್ಷಿಕೆ ಇಲ್ಲದಿದ್ದರೆ ಮೆಷೀನ್ ಕೋಡ್ ಬ್ಲಾಕಿನಲ್ಲಿ 127 ಎಂಬ ಬೈಟ್ ಹುಡುಕಿ. ಸ್ಪೆಕ್ಟ್ರಮ್‌ನ ಅಕ್ಷರಮಾಲೆಯಲ್ಲಿ ಅದು ಕೃತಿಸ್ವಾಮ್ಯದ ಚಿಹ್ನೆ, ಅದರ ಹಿಂದುಮುಂದೆ ಇಸವಿ ಮತ್ತು ಹೆಸರು ಸಿಗುವುದು ಹೆಚ್ಚು. ಇನ್ನೊಂದು ಕಡೆಯೂ ನೋಡಬೇಕು: ಪ್ರೋಗ್ರಾಮರ್‌ಗಳು ಮೆಮೊರಿಯ ದೊಡ್ಡ ತುಂಡನ್ನು ಇಡಿಯಾಗಿ ಉಳಿಸುತ್ತಿದ್ದರು, ಆಗ ಗೇಮ್‌ಗೆ ಸಂಬಂಧವಿಲ್ಲದ ಹಳೆಯ ಚೂರುಗಳೂ ಜೊತೆಗೆ ಬರುತ್ತಿದ್ದವು. ಅಸೆಂಬ್ಲರ್‌ನ ಸಾಲು, ಟಿಪ್ಪಣಿ, ಹಿಂದಿನ ದಿನದ ಗೇಮ್‌ನ ಅರ್ಧ ಚಿತ್ರ. ಕಮೊಡೋರ್ ಫ್ಲಾಪಿಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಫೈಲ್ ಅಳಿಸಿದರೆ ಪಟ್ಟಿಯಲ್ಲಿ ಅದರ ಗುರುತು ಸೊನ್ನೆಯಾಗುತ್ತದೆ, ಮೇಲೆ ಬೇರೆ ಬರೆಯುವವರೆಗೆ ಒಳಗಿನ ದತ್ತಾಂಶ ಹಾಗೇ ಇರುತ್ತದೆ. ಬಿಡುಗಡೆಯಾಗದ ಎಷ್ಟೋ ಗೇಮ್‌ಗಳ ತುಣುಕು ಸಿಕ್ಕಿರುವುದು ಹೀಗೆ, ಬೇರೇನೋ ಹುಡುಕುವಾಗ.

ನೀವು ನೋಡಿದ ಚಿತ್ರದಲ್ಲೂ ಈ ವಿದ್ಯೆಯ ಒಂದು ಪ್ರಯೋಗವಿದೆ. ನೋಡುಗರ ಆಯ್ಕೆಯಂತೆ ಕಥೆ ಬದಲಾಗುವ ಆ ಚಿತ್ರದ ಒಂದು ಮುಕ್ತಾಯದಲ್ಲಿ ಕ್ಯಾಸೆಟ್ಟಿನ ಕರ್ಕಶ ಸದ್ದು ಕೇಳಿಬರುತ್ತದೆ. ಅದನ್ನು ಹಿಡಿದು ಸ್ಪೆಕ್ಟ್ರಮ್ ಎಮ್ಯುಲೇಟರ್‌ಗೆ ಕೊಟ್ಟರೆ ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡುತ್ತದೆ, ಅದು ‘ನೋಸ್‌ಡೈವ್’ ಎಂಬ ಸ್ಪೆಕ್ಟ್ರಮ್ ಗೇಮ್‌ಗೆ ದಾರಿ ತೋರಿಸುತ್ತದೆ. ನಿಜವಾಗಿ ಆಡಬಹುದಾದ ಆ ಗೇಮ್ ಬರೆದವರು ಮ್ಯಾಟ್ ವೆಸ್ಟ್‌ಕಾಟ್. ನಿಮ್ಮ ಕ್ಯಾಸೆಟ್ ಮುಟ್ಟುವ ಮುಂಚೆ ಕೈ ಪಳಗಿಸಲು ಆ ಸದ್ದು ಒಳ್ಳೆಯದು.

ನಮ್ಮ ದೇಶದಲ್ಲೂ ಇಂಥ ಡಬ್ಬಿಗಳು ಇವೆ, ಯಾರೂ ತೆರೆದು ನೋಡಿಲ್ಲ. 1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ದೇಶದ ನೂರಾರು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದವು. ಪುಣೆಯ ಡೆಸಿಬೆಲ್ಸ್ ಕಂಪನಿ ಸ್ಪೆಕ್ಟ್ರಮ್ ಅನ್ನೇ ಇಲ್ಲಿ ತಯಾರಿಸಿ ಮಾರಿತು. ಆ ಯಂತ್ರಗಳ ಮುಂದೆ ಕೂತ ಮೇಷ್ಟ್ರುಗಳು, ಹುಡುಗರು ಬರೆದ ಪ್ರೋಗ್ರಾಮ್‌ಗಳಿಗೆ ಜಾಹೀರಾತೂ ಇಲ್ಲ, ಸಾಕ್ಷ್ಯಚಿತ್ರವೂ ಇಲ್ಲ. ಶಾಲೆಯ ಉಗ್ರಾಣ ಖಾಲಿ ಮಾಡುವಾಗ ಅವು ಗುಜರಿಗೆ ಹೋಗುತ್ತಿವೆ ಎಂಬುದು ನನಗೆ ಬ್ಯಾಂಡರ್‌ಸ್ನ್ಯಾಚ್‌ಗಿಂತ ದೊಡ್ಡ ಸಂಕಟ.

ಸಿಕ್ಕಿದ್ದನ್ನು ಕೂಡಲೇ ಎಲ್ಲರಿಗೂ ಹಂಚಬೇಡಿ. ಮಾರಾಟವಾಗದ ಗೇಮ್‌ಗೂ ಕೃತಿಸ್ವಾಮ್ಯವಿದೆ. ಭಾರತದಲ್ಲಿ ಬರೆದವರ ಆಯುಸ್ಸಿನ ನಂತರ 60 ವರ್ಷ, ಬ್ರಿಟನ್ನಿನಲ್ಲಿ 70. ಬರೆದವರು ಯಾರೆಂದು ಗೊತ್ತಾದರೆ ಮೊದಲು ಅವರಿಗೆ ತಿಳಿಸಿ. ತಮ್ಮ ಬಳಿಯೇ ಪ್ರತಿ ಉಳಿಯದವರು ಖುಷಿಯಿಂದ ಒಪ್ಪುವುದು ಸಾಮಾನ್ಯ.

ಇಷ್ಟಕ್ಕೂ ಮುಂಚೆ, ದೊಡ್ಡಪ್ಪ ಇದ್ದಾರೆಂದರೆ ಈ ವಾರವೇ ಕೂತು ಕೇಳಿ: ಇಂಗ್ಲೆಂಡಿನ ಯಾವ ಊರು, ಯಾವ ಇಸವಿ, ಆ ಕ್ಯಾಸೆಟ್ ಅಂಗಡಿಯಲ್ಲಿ ಕೊಂಡದ್ದೋ ಯಾರಾದರೂ ಕೊಟ್ಟದ್ದೋ, ಲೇಬಲ್ ಮೇಲಿನ ಅಕ್ಷರ ಅವರದೇ ಕೈಬರಹವೋ. ಉತ್ತರಗಳನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಲೇಬಲ್ ಕಿತ್ತು ಬರುವ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ಆ ಫೋಟೊ, ಅವರ ಉತ್ತರ, ವೇವ್ ಫೈಲ್ ಮೂರನ್ನೂ ಒಟ್ಟಿಗೆ ಕಳಿಸಿದರೆ ಹೆಡರ್‌ನ ಹೆಸರಿನಿಂದ ಶುರುಮಾಡಿ ನಾನು ಓದಿಕೊಡುತ್ತೇನೆ.